ಬಲಗಡೆಯ ಗುಂಡಿಗೆ, ಇಪ್ಪತ್ತೇಳರ ತಗಡು

೧೯೭೦ರ ಜೂನ್ ತಿಂಗಳು. ಮಗಳು ಪುಟ್ಟಮಾದಮ್ಮನನ್ನು ಐದನೆಯ ತರಗತಿಗೆ ಸೇರಿಸಲು ಕಿರುಗಾವಲಿನ ಶಾಲೆಗೆ ಬಂದ ಮುದ್ದಮ್ಮ, ವೆಂಕಟರಾಮಯ್ಯ ಮೇಷ್ಟ್ರ ಮೇಜಿನ ಮೇಲಿದ್ದ ಬೆತ್ತವನ್ನೇ ನೋಡುತ್ತ ಹೇಳಿದಳು:

“ಒಡೆಯಂಗಿದ್ರೆ ಎಡಗಡೀಕೆ ಒಡೀರಿ ಮೇಷ್ಟ್ರೇ. ನನ್ ಮಗೀಗೆ ಗುಂಡ್ಗೆ ಬಲಗಡೆ ಅದೆ.”

“ಯಾರಮ್ಮ ಹೇಳಿದ್ದು, ಡಾಕ್ಟರೇ?”

“ಆಲು ಕುಡ್ಸಿದೋಳ್ಗೆ ಡಾಕ್ಟ್ರು ಯಾಕ್ ಏಳ್ಬೇಕು ಸಾಮಿ?”

ತರಗತಿಯ ಹುಡುಗಿಯರು ಸಾಲಾಗಿ ಬಂದು ಪುಟ್ಟಮಾದಮ್ಮನ ಎದೆಗೆ ಕಿವಿಯಿಟ್ಟು, ಇರುವುದು ಬಲಗಡೆಯೇ ಎಂದು ಸಾಕ್ಷಿ ನುಡಿದರು. ಊರಿಗೆ ಅಷ್ಟು ಸಾಕಾಯಿತು. ಮೇಷ್ಟ್ರು ಅವಳನ್ನು ಯಾವ ಕಡೆಗೂ ಹೊಡೆಯಲಿಲ್ಲ.

ದೊಡ್ಡವಳಾದ ಮೇಲೆ ಅವಳು ಮಂಡ್ಯದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ವಿ.ಸಿ. ಫಾರಂ ಎಂಬ ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರಕ್ಕೆ ಕೂಲಿಗೆ ಹೋದಳು. ಬೀಜದ ಭತ್ತದ ತಾಕುಗಳಲ್ಲಿ ಬೆರಕೆ ಪೈರನ್ನು ಗುರುತಿಸಿ ಕೀಳುವುದು ಅವಳ ಕೆಲಸ. ಪ್ರತಿ ತಾಕಿಗೂ, ಬೆಳಕು ತೂರುವಂತೆ ಅಂಕಿ ಕೊರೆದ ತಗಡೊಂದು. ೧೯೭೮ರಲ್ಲಿ ಕಾಯಂ ಆಗುವವರ ಪಟ್ಟಿಯಲ್ಲಿ ಅವಳ ಹೆಸರು ಬಂತು. ತಿಂಗಳೊಳಗೆ ಆರೋಗ್ಯದ ಸರ್ಟಿಫಿಕೇಟು ತರಬೇಕು, ಇಲ್ಲವಾದರೆ ಹೆಸರು ಹೋಗುತ್ತದೆ.

ಪೇಟೆಯ ಡಾಕ್ಟರು ಎಡ ಎದೆಗೆ ಕೊಳವೆಯಿಟ್ಟು ಹುಬ್ಬು ಗಂಟಿಕ್ಕಿದರು. “ಮಿಡಿತ ಬಹಳ ಕ್ಷೀಣ.”

“ನಂದು ಬಲಗಡೆ ಅದೆ ಡಾಕ್ಟ್ರೇ.”

“ಹೃದಯ ಎಲ್ಲಿರುತ್ತದೆಂದು ನನಗೇ ಪಾಠ ಹೇಳುತ್ತೀಯಾ?”

ಎಕ್ಸ್‌ರೇ ತೆಗೆಸಿದ್ದಾಯಿತು. ಫಿಲ್ಮಿನಲ್ಲಿ ಹೃದಯ ಬಲಕ್ಕೇ ಇತ್ತು. ಡಾಕ್ಟರು ನಕ್ಕರು. “ದಡ್ಡರು, ಫಿಲ್ಮನ್ನು ಹಿಂದುಮುಂದು ಮಾಡಿದ್ದಾರೆ” ಎಂದು ತಿರುವಿ ಹಿಡಿದರು. ವಿದ್ಯಾವಂತರ ಮಾತಿಗೆ ಬೆಲೆ ಕೊಟ್ಟು ಹೃದಯವು ಎಡಕ್ಕೆ ಬಂತು. ‘ಹೃದಯ ಸರಿಯಾದ ಸ್ಥಾನದಲ್ಲಿದೆ, ಮಿಡಿತ ಮಾತ್ರ ಇಲ್ಲದಂತಿದೆ, ಅನರ್ಹಳು’ ಎಂದು ಬರೆದರು. ಅನರ್ಹಳು ಮೂರು ಮೈಲಿ ನಡೆದು ಕೆಲಸಕ್ಕೆ ಹೋದಳು.

“ಬುಡು ಕಣಮ್ಮಿ, ಒಂದಿನ ಮಟ್ಟಿಗೆ ಗುಂಡ್ಗೇನ ಎಡಕ್ಕೆ ಇಟ್ಕೊಂಡು ಓಗು” ಎಂದು ಜೊತೆಯ ಯಶೋದಮ್ಮ ಅಣಕಿಸಿದಳು.

ಪುಟ್ಟಮಾದಮ್ಮ ಎದುರಿಗಿದ್ದ ಇಪ್ಪತ್ತೇಳನೆಯ ತಾಕಿನ ತಗಡನ್ನೇ ನೋಡುತ್ತ ನಿಂತಳು. ಫಾರಂನ ಸಾಹೇಬರನ್ನು ಕೇಳಿ ಅದನ್ನು ಬಿಚ್ಚಿಕೊಂಡು, ಮಾರನೆಯ ದಿನ ಬಲಭುಜಕ್ಕೆ ಕಟ್ಟಿ ಮತ್ತೆ ಎಕ್ಸ್‌ರೇಗೆ ನಿಂತಳು.

ಡಾಕ್ಟರು ಈ ಸಲವೂ ಫಿಲ್ಮನ್ನು ತಿರುವಿದರು. ಹೃದಯ ಎಡಕ್ಕೆ ಬಂತು, ಇಪ್ಪತ್ತೇಳು ತಿರುಗುಮುರುಗಾಯಿತು. ಇತ್ತ ತಿರುವಿದರೆ ಅಂಕಿ ನೆಟ್ಟಗೆ, ಹೃದಯ ಬಲಕ್ಕೆ.

“ಏನಮ್ಮ ಇದು?”

“ತಾಕಿನ ನಂಬ್ರ ಡಾಕ್ಟ್ರೇ. ಬಲಭುಜಕ್ಕೆ ಕಟ್ಕೊಂಡಿದ್ದೆ. ಅದು ನೆಟ್ಟಗೆ ಕಾಣೋ ಅಂಗೆ ಇಡ್ಕೊಂಡು ನೋಡಿ.”

ಡಾಕ್ಟರು ಬಹಳ ಹೊತ್ತು ನೋಡಿದರು. ಆಮೇಲೆ ಕೊಳವೆಯನ್ನು ಬಲಗಡೆಗೆ ಇಟ್ಟರು. ಒನಕೆಯಿಂದ ಕುಟ್ಟಿದ ಹಾಗೆ ಕೇಳಿಸಿತು. ‘ಅರ್ಹಳು’ ಎಂದು ಬರೆದು, ಈ ಅಪರೂಪದ ಹೃದಯವನ್ನು ತಾವೇ ಕಂಡುಹಿಡಿದದ್ದಾಗಿ ಕೆಳಗೆ ಸೇರಿಸಿ ರುಜು ಹಾಕಿದರು.

ಈಗ ಅವಳು ಹೊಸ ಆಳುಗಳಿಗೆ ಬೆರಕೆ ಗುರುತಿಸುವುದನ್ನು ಕಲಿಸುತ್ತಾಳೆ. “ಎರಡು ಕಿತ ನೋಡದೆ ಕೀಳ್ಬ್ಯಾಡ ಕಣಮ್ಮಿ” ಎಂದು ಗದರುತ್ತಾಳೆ. ಇಪ್ಪತ್ತೇಳನೆಯ ತಾಕಿಗೆ ಮರದ ಫಲಕ ಬಂದಿದೆ. ತಗಡು ಅವಳ ಟ್ರಂಕಿನಲ್ಲಿದೆ. ಪೇಟೆಗೆ ಹೊಸ ಡಾಕ್ಟರು ಬಂದರೆಂದು ಕೇಳಿದಾಗಲೆಲ್ಲ ಅದನ್ನು ತೆಗೆದು, ಹುಣಿಸೆಹಣ್ಣು ಹಚ್ಚಿ ತಿಕ್ಕಿ ಇಡುತ್ತಾಳೆ.