ಒತ್ತಕ್ಷರಗಳ ಕಂಪನಿ

ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುನ್ನ ಅದರೊಳಗಿನ ಒಂದು ಫೈಲನ್ನು ಮೊನ್ನೆ ತೆರೆದೆ. ಪರದೆಯ ತುಂಬ ತಲೆಯ ಮೇಲೆ ಟೋಪಿ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪ್ರಶ್ನಾರ್ಥಕ ಚಿಹ್ನೆಗಳು. ನಿಮಗೂ ಇಂಥದ್ದು ಎದುರಾಗಿರಬಹುದು. ವೈರಸ್ ಎಂದುಕೊಂಡು ಅಳಿಸಿರುತ್ತೀರಿ. ಅದು ಕನ್ನಡ. ನಾನೇ ಬರೆದ ಸುದ್ದಿ.

ಇಂಟರ್‌ನೆಟ್ ನೋಡಲು ಸೈಬರ್ ಸೆಂಟರಿಗೆ ಹೋಗಬೇಕಿದ್ದ ಕಾಲ. ಪುಟ್ಟೇನಹಳ್ಳಿ ಕೆರೆಯ ಹತ್ತಿರ ಒಂದು ಮನೆಯ ಮಹಡಿಯಲ್ಲಿ ವಸುಧಾ ಕಂಪನಿ ಶುರು ಮಾಡಿದ್ದರು: ಕನ್ನಡದಲ್ಲೇ ಈಮೇಲ್, ಕನ್ನಡದಲ್ಲೇ ಸುದ್ದಿ. ಪತ್ರಿಕೆ ಬಿಟ್ಟು ಹೋದ ನಾನು ಅಲ್ಲಿನ ಸುದ್ದಿ ಸಂಪಾದಕ. ಕೈಕೆಳಗೆ ಯಾರೂ ಇರಲಿಲ್ಲವಾದ್ದರಿಂದ ಹುದ್ದೆಗೆ ಅಡ್ಡಿ ಮಾಡುವವರೂ ಇರಲಿಲ್ಲ. ರಾಗಿ ಹೊಲವೆಲ್ಲ ಸೈಟುಗಳಾದ ಮೇಲೆ ಬಾಡಿಗೆ ಹಣದಲ್ಲಿ ಬದುಕುತ್ತಿದ್ದ ಮನೆ ಮಾಲೀಕ ಮುನಿಯಪ್ಪ ಒಮ್ಮೆ ಕೇಳಿದರು:

"ಸಾರ್, ನೀವು ಬರೆಯೋದು ಎಲ್ಲಿ ಪ್ರಿಂಟ್ ಆಯ್ತದೆ?"

"ಎಲ್ಲೂ ಆಗಲ್ಲ."

"ಅಂಗಾರೆ ಬೋಂಡ ಕಟ್ಟೋಕೂ ಬರಲ್ಲ ಅನ್ನಿ."

ಆದರೂ ಜನ ಬಂದರು. ಒಂದು ಮಹಡಿ ಮೂರಾಯಿತು. ಕಾರಣ, ವಸುಧಾ ತಾವೇ ಬಿಡಿಸಿದ ಅಕ್ಷರಗಳು, ಅದರಲ್ಲೂ ಒತ್ತಕ್ಷರಗಳು. ಬೇರೆಯವರ ಪರದೆಯಲ್ಲಿ ಜೋತಾಡುತ್ತಿದ್ದ ಒತ್ತು ಇವರದರಲ್ಲಿ ಅಚ್ಚುಕಟ್ಟಾಗಿ ಕೂರುತ್ತಿತ್ತು. ಅದಕ್ಕಾಗಿ ಒಂದೊಂದು ಒತ್ತಿಗೂ ಬೇರೆ ಯಾವ ಕಂಪ್ಯೂಟರಿಗೂ ಗೊತ್ತಿಲ್ಲದ ಸಂಕೇತ ಕೊಟ್ಟಿದ್ದರು. ಮುಂದೆ ಜಗತ್ತಿನ ಭಾಷೆಗಳಿಗೆಲ್ಲ ಒಂದೇ ಸಂಕೇತ ಪದ್ಧತಿ ಬಂದಾಗ ನಮ್ಮ ಇಂಜಿನಿಯರುಗಳು ಗೋಗರೆದರು: "ಮೇಡಂ, ಎಲ್ರೂ ಆ ಕಡೆ ಹೋಗ್ತಿದಾರೆ."

"ಅದರಲ್ಲಿ ಒತ್ತು ನೋಡಿದೀರಾ? ಕಾಲು ಮುರಿದ ಕೋಳಿ ಥರ ಇದೆ. ಅದನ್ನ ಜನಕ್ಕೆ ಕೊಡ್ಲಾ?"

ಜನ ಕೋಳಿಯನ್ನೇ ಒಪ್ಪಿಕೊಂಡರು. ನಮ್ಮ ಮಹಡಿಗಳು ಒಂದೊಂದಾಗಿ ಖಾಲಿಯಾದವು. ಬಂಡವಾಳ ಹಾಕಿದವರನ್ನು ಹಿಡಿದಿಡುವ ಓಡಾಟದಲ್ಲಿ ವಸುಧಾ ಗದಗಿನಲ್ಲಿ ನಡೆದ ತಂದೆಯ ಎಪ್ಪತ್ತರ ಶಾಂತಿಗೂ ಹೋಗಲಿಲ್ಲ. ತಂದೆ ಒಂದು ಮೇಲ್ ಕಳಿಸಿದರು. ಮೀಟಿಂಗಿನ ನಡುವೆ ಅದರ ಮೇಲೆ ಕಣ್ಣಾಡಿಸಿದ್ದಷ್ಟೆ, ಉತ್ತರ ಬರೆಯಲಿಲ್ಲ. ಆ ತಿಂಗಳೇ ತಂದೆ ತೀರಿಕೊಂಡರು. ವರ್ಷದೊಳಗೆ ಕಂಪನಿಯೂ ಮುಚ್ಚಿತು. ಅಕ್ಷರಗಳಿದ್ದ ಯಂತ್ರಗಳು ಕುರ್ಚಿಗಳ ಜೊತೆಗೇ ಹರಾಜಾದವು.

ನನ್ನ ಫೈಲಿನ ಪಾಡು ಹೇಳಲು ಫೋನ್ ಮಾಡಿದರೆ ವಸುಧಾ, "ಬನ್ನಿ, ನನ್ನ ಹತ್ರಾನೂ ಒಂದಿದೆ" ಎಂದರು. ತ್ಯಾಗರಾಜನಗರದ ಮನೆಯಲ್ಲಿ ತಂದೆಯ ಆ ಮೇಲನ್ನು ತೆರೆದಿಟ್ಟರು. ಯಾವ ಗುರುತು ಯಾವ ಅಕ್ಷರ ಎಂಬುದು ಅವರಿಗೆ ಇನ್ನೂ ಬಾಯಿಪಾಠ. ಆದರೆ ಒತ್ತುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದವು. ಅವನ್ನು ಬಿಟ್ಟು ಓದಿದರು: "ಪುಟಿ, ಇಲಿ ಎಲರೂ ಆರಾಮ."

"ಇಲಿ ಆರಾಮಾಗಿದೆಯಂತೆ" ಎಂದು ತಾವೇ ನಕ್ಕರು. ನಾನು ಪುಟ್ಟಿ, ಇಲ್ಲಿ, ಎಲ್ಲರೂ ಎಂದು ತುಂಬಿಸುತ್ತ ಹೋದೆ. ಪತ್ರಿಕೆಯಲ್ಲಿ ಪರರ ವಾಕ್ಯ ತಿದ್ದಿದವನಿಗೆ ಅದೇನೂ ಕಷ್ಟವಲ್ಲ.

"ನೀ ಬರಲಿಲ. ನನಗ ಸಿಟು..."

ಅಲ್ಲಿ ನಿಂತರು. ಮುಂದಿನ ಪದ ಇಡಿಯಾಗಿ ಹಾಳಾಗಿತ್ತು.

"'ಸಿಟ್ಟು ಇಲ್ಲ' ಅಂತಲೇ ಇರ್ಬೇಕು" ಎಂದೆ.

"'ಸಿಟ್ಟು ಬಂದದ' ಅಂತಾನೂ ಇರ್ಬಹುದು."

"ನಿಮ್ಮ ತಂದೆ ಹಾಗೆ ಬರೀತಾರಾ?"

"ನೀವು ತುಂಬಬೇಡಿ ಸಾರ್. ನೀವು ತುಂಬಿದ್ರೆ ಅದು ನಿಮ್ಮ ವಾಕ್ಯ ಆಗುತ್ತೆ, ಅಪ್ಪಂದಲ್ಲ."

ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಮೆಟ್ಟಿಲಿಳಿಯುವಾಗ, ಅವರು ಮತ್ತೆ ಮೊದಲ ಸಾಲಿನಿಂದ ಓದಲು ಶುರು ಮಾಡಿದ್ದು ಕೇಳಿಸಿತು.