ಮೇಲಿನ ಹಲ್ಲು, ಮಾವನ ಬೆನ್ನು

ನಮ್ಮ ಸೋದರಮಾವ ಮುನಿರಾಮಯ್ಯನ ಬೆನ್ನು ನನಗೆ ಗೊತ್ತಿದ್ದಷ್ಟು ಅವನ ಹೆಂಡತಿಗೂ ಗೊತ್ತಿರಲಿಲ್ಲ. ಕತ್ತಿನ ಹಿಂದೆ ಒಂದು ಕರೀ ಮಚ್ಚೆ, ಷರಟಿನ ಕಾಲರಿಗೆ ಅಂಟಿದ ಮರದ ಹೊಟ್ಟು, ನಕ್ಕರೆ ಕುಣಿಯುವ ಭುಜ. ಮುಖ ಮಾತ್ರ ನೋಡಿರಲಿಲ್ಲ. ನನಗೆ ಹಲ್ಲು ಬಂದ ದಿನದಿಂದ ಏಳು ತುಂಬುವವರೆಗೆ ಅವನು ನನ್ನ ಮುಖ ನೋಡಲಿಲ್ಲ, ನಾನೂ ಅವನದು ನೋಡಲಿಲ್ಲ.

ತಪ್ಪು ನನ್ನದಂತೆ! ಎಲ್ಲ ಕೂಸುಗಳಿಗೂ ಕೆಳಗಿನ ಹಲ್ಲು ಮೊದಲು ಬಂದರೆ ನನಗೆ ಮೇಲಿನವೆರಡು ಬಂದುಬಿಟ್ಟವು. ಹಾಗೆ ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಅಂತ ನಮ್ಮವರ ನಂಬಿಕೆ. ಅಜ್ಜಿ ಪಾಪಮ್ಮ, ಅಂದರೆ ಮಾವನ ಹೆತ್ತವ್ವ, ನನ್ನ ತುಟಿ ಎತ್ತಿ ನೋಡಿ ಅಲ್ಲೇ ಕುಸಿದು ಕೂತಳಂತೆ. ಆ ಎರಡು ಹಲ್ಲು ಬಿದ್ದುಹೋಗುವವರೆಗೆ ಮಾವ ಸೊಸೆಯ ಮುಖ ನೋಡಕೂಡದು ಅಂತ ಅವತ್ತೇ ಅಪ್ಪಣೆಯಾಯಿತು. ಹಾಲು ಕುಡಿಯುವ ಕೂಸಿನ ಮೇಲೆ ಎಂಥ ಆಪಾದನೆ ನೋಡಿ! ಈಗ ನೆನೆಸಿಕೊಂಡರೂ ನನಗೆ ಮೈ ಉರಿಯುತ್ತದೆ.

ಮಾವನದು ಕೆಂಗೇರಿ. ಹೊಲ ಉಳುವ ಮನೆಯಲ್ಲಿ ಹುಟ್ಟಿದರೂ ಅವನಿಗೆ ಮರಗೆಲಸದ ಹುಚ್ಚು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಎರಕಕ್ಕೆ ಮರದ ಅಚ್ಚು ಮಾಡುವ ಕೆಲಸ ಹಿಡಿದಿದ್ದ. ನಮ್ಮ ಮನೆ ಅಲ್ಲಿಗೆ ಹತ್ತಿರ. ಆಗ ರಾಜಾಜಿನಗರ ಅಂದರೆ ಅಲ್ಲೊಂದು ಇಲ್ಲೊಂದು ಹೊಸ ಮನೆ, ನಡುವೆ ರಾಗಿ ಹೊಲ, ಸಂಜೆಯಾದರೆ ನರಿ ಕೂಗು. ಕಾರ್ಖಾನೆಯ ಸೈರನ್ ಆದ ಮೇಲೆ ಮಾವನ ಸೈಕಲ್ ಬೆಲ್ಲು ಬೀದಿಯ ತುದಿಯಿಂದಲೇ ಕೇಳಿಸುತ್ತಿತ್ತು. ಕೇಳಿದ ಕೂಡಲೇ ನಾನು ಒಳಗೆ ಓಡಬೇಕು. ಅವನು ರಸ್ತೆಗೆ ಮುಖ ಮಾಡಿ ಜಗಲಿಯಲ್ಲಿ ಕೂತ ಮೇಲೆ ನಾನು ಹೊರಗೆ ಬಂದು ಅವನ ಬೆನ್ನಿಗೆ ಬೆನ್ನು ಒರಗಿಸಿ ಕೂರಬೇಕು. ಮುಟ್ಟಬಹುದಿತ್ತು, ಮಾತಾಡಬಹುದಿತ್ತು, ನೋಡುವುದಕ್ಕಷ್ಟೇ ನಿಷೇಧ. ಇಂಥ ಕಾನೂನು ಯಾರು ಮಾಡಿದರೋ!

ಮಾವನಿಗೆ ಮಕ್ಕಳಿರಲಿಲ್ಲ. ಬುಗುರಿ, ಗೊಂಬೆ, ಹುರಿಗಡಲೆ, ಎಲ್ಲವೂ ಭುಜದ ಮೇಲಿಂದ ಹಿಂದಕ್ಕೆ ಬರುತ್ತಿದ್ದವು. ನನ್ನ ಕೆಳಗಿನ ಹಲ್ಲು ಬಿದ್ದಾಗ, ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅಂತ ಗೇಲಿ ಮಾಡಿ ಬೆಲ್ಲದ ಅಚ್ಚು ಕೊಟ್ಟಿದ್ದ. ಅಮ್ಮ ಒಳಗಿನಿಂದ ನಮ್ಮಿಬ್ಬರನ್ನೂ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಜಗಲಿಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ, ಹೋಗಲಿ ಬಿಡಿ.

ಐವತ್ತೆಂಟನೇ ಇಸವಿ. ಹಲ್ಲಿನ ಡಾಕ್ಟರುಗಳನ್ನು ತಯಾರು ಮಾಡುವ ಕಾಲೇಜು ಬೆಂಗಳೂರಿನಲ್ಲಿ ಆಗತಾನೇ ಶುರುವಾಗಿತ್ತು. ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದ ಗೋಪೀನಾಥ ಮೇಷ್ಟರು ಅಲ್ಲಿ ಪಾಠ ಹೇಳುತ್ತಿದ್ದರು. ಹುಡುಗರಿಗೆ ತೋರಿಸಲು ಮಗುವಿನ ದವಡೆಯನ್ನು ಮರದಲ್ಲಿ ದೊಡ್ಡದಾಗಿ ಮಾಡಿಕೊಡಬೇಕೆಂದು ಅವರು ಮಾವನನ್ನು ಕೇಳಿದರು. ಮಾವ ಹಿಗ್ಗಿ ಹೀರೆಕಾಯಿಯಾದ. ಸಂಜೆ ಸಂಜೆ ನಮ್ಮ ಜಗಲಿಯಲ್ಲೇ ಉಳಿ ಹಿಡಿದು ಕೂತ. ಮೇಲೆ ಹತ್ತು, ಕೆಳಗೆ ಹತ್ತು ಹಾಲುಹಲ್ಲು ಕೆತ್ತಿ, ದಪ್ಪನೆಯ ದವಡೆಗೆ ತೂತು ಕೊರೆದು, ಮಂಚಕ್ಕೆ ಕಾಲು ಕೂರಿಸುವ ಹಾಗೆ ಬಿಗಿಯಾಗಿ ಕೂರಿಸಿದ. ಒಂದೂ ಅಲ್ಲಾಡುವ ಹಾಗಿರಲಿಲ್ಲ.

ಮೇಷ್ಟರು ಬಂದು ನೋಡಿ ಕೆಲಸವನ್ನು ಹೊಗಳಿದರು. ಆಮೇಲೆ, ಹಲ್ಲುಗಳ ಕೆಳಗೆ ಏನೂ ಇಲ್ಲವಲ್ಲ ಮುನಿರಾಮಯ್ಯ, ಅಂದರು. ಏನಿರಬೇಕು ಸಾರ್, ಅಂದ ಮಾವ. ಒಂದು ಪೈರು ಕೊಯ್ದ ಮೇಲೆ ಇನ್ನೊಂದು ಬಿತ್ತುವ ಹಾಗೆ, ಹಾಲುಹಲ್ಲು ಬಿದ್ದ ಮೇಲೆ ಹೊಸದು ಹುಟ್ಟುತ್ತದೆ ಅಂತ ಈ ರೈತನ ಮಗ ಎಣಿಸಿದ್ದ. ಮೇಷ್ಟರು ಜಗಲಿಯ ಮೇಲೆ ಕೂತು ಬಿಡಿಸಿ ಹೇಳಿದರು. ಹೊಸ ಹಲ್ಲು ದವಡೆಯ ಮೂಳೆಯೊಳಗೆ ಹಾಲುಹಲ್ಲಿನ ಅಡಿಯಲ್ಲೇ ಎಷ್ಟೋ ವರ್ಷ ಬೆಳೆಯುತ್ತಿರುತ್ತದಂತೆ. ಅದು ಮೇಲಕ್ಕೆ ಒತ್ತಿದ ಹಾಗೆಲ್ಲ ಹಾಲುಹಲ್ಲಿನ ಬೇರು ಕರಗುತ್ತದೆ, ಕೊನೆಗೆ ಬೀಳುವುದು ಬೇರಿಲ್ಲದ ಬರೀ ತಲೆ. ಹಿಂಬದಿಯ ದೊಡ್ಡ ದವಡೆಹಲ್ಲುಗಳು ಮಾತ್ರ ಯಾವ ಹಾಲುಹಲ್ಲಿನ ಜಾಗಕ್ಕೂ ಬಾರದೆ ತಾವೇ ಹೊಸದಾಗಿ ಬರುತ್ತವೆ. ಇನ್ನು ಹಾಲುಹಲ್ಲಿನ ಮೊಳಕೆ, ಅದು ತಾಯಿಯ ಹೊಟ್ಟೆಯಲ್ಲಿ ಎರಡು ತಿಂಗಳಾಗುವಷ್ಟರಲ್ಲೇ ಶುರುವಾಗಿರುತ್ತದೆ, ಅಂದರು.

ಬೆನ್ನಿಗೊರಗಿ ಕೂತಿದ್ದ ನನಗೆ ಮಾವನ ಉಸಿರು ನಿಂತದ್ದು ಗೊತ್ತಾಯಿತು.

“ತಾಯಿ ಹೊಟ್ಟೇಲೇನಾ ಸಾರ್? ಹಂಗಾದ್ರೆ ಮೇಲಿಂದು ಮೊದಲು ಬಂದ್ರೆ?”

ಕೆಲವು ಮಕ್ಕಳಿಗೆ ಹಾಗೆ ಬರುತ್ತದೆ, ಅದರಲ್ಲಿ ವಿಶೇಷವೇನೂ ಇಲ್ಲ ಅಂತ ಹೇಳಿ ಮೇಷ್ಟರು ಎದ್ದು ಹೋದರು. 

ಮಾರನೆಯ ದಿನದಿಂದ ಕೆಲಸ ಮತ್ತೆ ಮೊದಲಿನಿಂದ. ಕಾರ್ಖಾನೆಯ ಅಚ್ಚಿನಂತೆ ದವಡೆಯನ್ನು ಎರಡು ಹೋಳು ಮಾಡಿ, ಒಳಗೆ ಗೂಡು ಕೊರೆದು, ಒಂದೊಂದು ಗೂಡಿನಲ್ಲೂ ಒಂದು ಮರಿಹಲ್ಲು ಇಟ್ಟ. ಉದ್ದಕ್ಕೆ ಸೀಳಿದ ಒಂದು ಮರದ ಹಲ್ಲನ್ನು ಭುಜದ ಮೇಲಿಂದ ನನಗೆ ಕೊಟ್ಟು, ಮೇಷ್ಟರಿಂದ ಕೇಳಿ ತಿಳಿದ ಪಾಠ ಹೇಳಿದ. ಹೊರಗಿನ ಬಿಳಿ ಪದರ ಇಡೀ ಮೈಯಲ್ಲೇ ಎಲ್ಲಕ್ಕಿಂತ ಗಟ್ಟಿ, ಆದರೆ ಒಮ್ಮೆ ಮುಕ್ಕಾದರೆ ಮತ್ತೆ ಬೆಳೆಯದು. ಅದರೊಳಗೆ, ಮರದ ತೊಗಟೆಯ ಒಳಗೆ ಚೇಗು ಇದ್ದ ಹಾಗೆ, ಇನ್ನೊಂದು ಪದರ. ನಟ್ಟನಡುವೆ ತಿರುಳು, ರಕ್ತ, ನರ ಎಲ್ಲ ಅಲ್ಲೇ, ನೋಯುವುದೂ ಅಲ್ಲೇ. ನಾನು ಮುಂದೆ ಮೂವತ್ತು ವರ್ಷ ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟೆ, ಅಷ್ಟು ಚೆನ್ನಾಗಿ ಹಲ್ಲಿನ ಪಾಠ ಮಾಡಲು ನನಗೆ ಯಾವತ್ತೂ ಬರಲಿಲ್ಲ.

ಅಷ್ಟರಲ್ಲಿ ನನ್ನ ಮೇಲಿನ ಹಲ್ಲೊಂದು ಬಿತ್ತು. ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆದೆವು. ಇನ್ನೊಂದು ಬೀಳುವುದನ್ನು ಕಣ್ಣಾರೆ ನೋಡಬೇಕೆಂದು ಅಜ್ಜಿ ಕೆಂಗೇರಿಯಿಂದ ಬಂದು ನಮ್ಮ ಮನೆಯಲ್ಲೇ ಠಿಕಾಣಿ ಹೂಡಿದಳು. ಬೆಳಗಾದರೆ ಬಾಯಿಗೆ ಬೆರಳು ಹಾಕಿ ಅಲ್ಲಾಡಿಸುವುದು, ಪಾಪಿ ಹಲ್ಲು ಅಂತ ಗೊಣಗುವುದು. ಒಂದು ದಿನ ನಾನು ರೇಗಿ, ನನ್ನ ಹಲ್ಲು ನಿನಗೇನು ಮಾಡಿತು ಅಂತ ಕೇಳಿಬಿಟ್ಟೆ. ಆಗ ಅಜ್ಜಿ ಹೇಳಿದಳು. ಮುನಿರಾಮಯ್ಯನಿಗೂ ಮೇಲಿನ ಹಲ್ಲೇ ಮೊದಲು ಬಂದದ್ದಂತೆ, ಅದೇ ವರ್ಷ ಅಜ್ಜಿಯ ಒಬ್ಬನೇ ಅಣ್ಣ ತೀರಿಕೊಂಡನಂತೆ. ಆ ವರ್ಷ ಪ್ಲೇಗಿಗೆ ಅರ್ಧ ಊರೇ ಖಾಲಿಯಾಗಿತ್ತು. ಆ ಅಣ್ಣನ ಹಾಗೆ ಸತ್ತ ಮಿಕ್ಕವರೆಲ್ಲ ಯಾರ ಹಲ್ಲಿಗೆ ಸತ್ತರೋ, ಅದನ್ನು ಕೇಳುವವರಿರಲಿಲ್ಲ. ತನ್ನ ಸೋದರಮಾವನನ್ನು ತಿಂದುಕೊಂಡವನು ಅನ್ನುವ ಮಾತು ಕೇಳಿಕೊಂಡೇ ಪಾಪ ನಮ್ಮ ಮಾವ ಬೆಳೆದಿದ್ದ. ಅವ್ವನ ಅಪ್ಪಣೆಯನ್ನು ಅವನು ಒಂದು ದಿನವೂ ಮೀರದೆ ಇದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು.

ಮರುದಿನ ಸಂಜೆ ಹಲ್ಲು ಒಂದೆಳೆಯಲ್ಲಿ ನೇತಾಡುತ್ತಿತ್ತು. ಅಜ್ಜಿ ಜಗಲಿಗೆ ಬಂದು, ನಾಳೆ ಬಿದ್ದುಹೋಗುತ್ತದೆ, ಆಮೇಲೆ ಸೊಸೆಯನ್ನು ಕಣ್ತುಂಬ ನೋಡಿಕೋ ಅಂದಳು. ಮಾವ ಉಳಿ ಕೆಳಗಿಟ್ಟ.

“ಬಿದ್ಮೇಲೆ ನೋಡಿದ್ರೆ ಏನು ಬಂತವ್ವಾ? ಹಲ್ಲು ಬಿತ್ತು, ಮಾವ ಉಳ್ಕೊಂಡ ಅಂತಾರೆ. ಸಾಯೋಗಂಟ ಅವಳು ಮಾವನ್ನ ತಿನ್ನೋಳೇ ಆಗಿರ್ತಾಳೆ. ಆ ಹೆಸರು ಹೊತ್ಕೊಂಡು ಬೆಳೆಯೋದು ಏನು ಅಂತ ನಂಗೊತ್ತು.”

ಬ್ಯಾಡ ಕಣೋ, ಒಂದೇ ಒಂದು ದಿನ ತಡ್ಕೊಳೋ, ಅಂತ ಅಜ್ಜಿ ಅವನ ಭುಜ ಹಿಡಿದುಕೊಂಡಳು. ಆ ಕೈ ಅಲ್ಲಿರುವಾಗಲೇ ಮಾವ ತಿರುಗಿ ಕೂತ.

ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಇವನು ಈಗ ಸತ್ತುಹೋದರೆ ಏನು ಗತಿ ಅಂತ ನನಗೆ ಜೀವವೇ ಹೋದಂತಾಯಿತು.

“ಕೈ ತೆಗಿ ಪುಟ್ಟವ್ವ. ನಗು, ನೋಡ್ತೀನಿ.”

ನಕ್ಕೆ. ಹಲ್ಲು ತುಟಿಗೆ ತಾಗುತ್ತಿತ್ತು. ಮಾವನದು ಸಾದಾ ಮುಖ, ಉಬ್ಬಿದ ಕೆನ್ನೆ, ಕಣ್ಣು ಮಾತ್ರ ತುಂಬಿಕೊಂಡಿತ್ತು. ಅವನು ನನ್ನನ್ನು ನೋಡುತ್ತಲೇ ಇದ್ದ, ಅಜ್ಜಿ ಅವನನ್ನೇ ನೋಡುತ್ತಿದ್ದಳು. ಅವನಿಗೆ ಏನೂ ಆಗಲಿಲ್ಲ. ಆಮೇಲೆ ಅವನು ತಾಯಿಯ ಕಡೆ ತಿರುಗಿ, ನನಗಿಂತ ಚಿಕ್ಕ ಹುಡುಗನ ದನಿಯಲ್ಲಿ ಕೇಳಿದ.

“ಹಲ್ಲು ನಿನ್ನ ಹೊಟ್ಟೇಲೇ ಮೊಳೆತಿದ್ದಂತಲ್ಲವ್ವಾ. ಅಲ್ಲಿದ್ದ ಕೂಸಿಗೆ ನಿಮ್ಮಣ್ಣ ಯಾರು ಅಂತ ಏನು ಗೊತ್ತಿತ್ತು?”

ಅಜ್ಜಿ ಭುಜದ ಮೇಲಿದ್ದ ಕೈ ಎತ್ತಿ ಅವನ ತಲೆಯ ಮೇಲಿಟ್ಟಳು.

“ನೀನು ತಿನ್ನಲಿಲ್ಲ ಕಣಪ್ಪ,” ಅಂದಳು. “ಪ್ಲೇಗು ಬಂದಿತ್ತು.”