ಪಾಲೆಟ್ ಎಂಬ ಪಿಳ್ಳಮ್ಮ

"ಪಾಲೆಟ್ಟೂ... ಓ ಪಾಲೆಟ್ಟೂ!"

ಕ್ಯಾಲನೂರಿನ ರಾಗಿ ಹೊಲದ ಬದುವಿನ ಮೇಲೆ ನಿಂತು ಒಬ್ಬ ತಾಯಿ ಮಗಳನ್ನು ಹೀಗೆ ಕೂಗುತ್ತಿದ್ದಳು. ಪ್ಯಾರಿಸ್ಸಿನ ಹೆಸರು ನಮ್ಮ ಕೋಲಾರದ ಗಾಳಿಗೆ ತೆಲುಗು ಬಾಲ ಬೆಳೆಸಿಕೊಂಡು ಆಚೆಯ ಹುಣಸೆಮರದವರೆಗೂ ಹೋಗುತ್ತಿತ್ತು. ಅರವತ್ತು ವರ್ಷದ ಮೇಲಾಯಿತು. ಮೊನ್ನೆ ನನ್ನ ಮೊಮ್ಮಗಳು ತನಗೆ ಹುಟ್ಟಲಿರುವ ಕೂಸಿಗೆಂದು ವಾಟ್ಸಾಪಿನಲ್ಲಿ ಲಿಸ್ಟ್ ಕಳಿಸಿದಳು: ಕೊಲೆಟ್, ನಿನೆಟ್, ಪಾಲೆಟ್. "ಅಜ್ಜಿ, ಹುಡುಗಿಯಾದರೆ ಯಾವುದು ಕ್ಯೂಟ್? ಬೇಗ ಹೇಳಿ." ಮೂರನೆಯದನ್ನು ಓದಿದ್ದೇ ತಡ, ಆ ಕೂಗು ಕೇಳಿಸಿತು. ಕಿವಿಗೆ ಮೆಷಿನ್ ಕೂಡ ಹಾಕಿಕೊಂಡಿರಲಿಲ್ಲ, ನೋಡಿ.

ನಮ್ಮ ಕಾನ್ವೆಂಟಿನಲ್ಲಿ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ಪಾಂಡಿಚೆರಿಯಲ್ಲಿ ಓದಿ ಬಂದವರು. ಕರ್ಚೀಫಿನ ಮೂಲೆಯಲ್ಲಿ ಹೆಸರು ಹೊಲಿಯಲು ಹೇಳಿಕೊಡುವಾಗ ನಮಗೆಲ್ಲ ಒಂದೊಂದು ಫ್ರೆಂಚ್ ಹೆಸರು ಹಂಚಿದರು. ಕೊನೆಯಲ್ಲಿ 'ಎಟ್' ಬಂದರೆ ಪುಟ್ಟದು, ಮುದ್ದಿನದು ಎಂದು ಅರ್ಥವಂತೆ. ನಾನು ಅನೆಟ್ ಆದೆ. ನನ್ನ ಪಕ್ಕದ ಹುಡುಗಿ ಎದ್ದು ನಿಂತಳು.

"ಸಿಸ್ಟರ್, ನನ್ನೆಸ್ರು ಪಿಳ್ಳಮ್ಮ. ಪಿಳ್ಳ ಅಂದ್ರೇನೇ ಚಿಕ್ಕದು. ಇನ್ನೂ ಎಷ್ಟು ಚಿಕ್ಕದು ಮಾಡ್ತೀರ?"

ಸಿಸ್ಟರೂ ನಕ್ಕರು. ನಕ್ಕು, ಪಾಲೆಟ್ ಎಂದು ಇಟ್ಟೇಬಿಟ್ಟರು.

ನಾನು ಆಗಿನಿಂದಲೂ ಸ್ವಲ್ಪ ಸ್ಟೈಲಿನವಳು. ಮನೆಯಲ್ಲಿ ಅಮ್ಮ ಹಳೆಯ ಹೆಸರು ಹಿಡಿದು ಕರೆದರೆ ಎರಡು ದಿನ ಓಗೊಡಲಿಲ್ಲ. ಮೂರನೆಯ ದಿನ ದೋಸೆಯ ವಾಸನೆ ಬಂತು. ಅನೆಟ್‌ಳನ್ನು ರೂಮಿನಲ್ಲೇ ಬಿಟ್ಟು ಹಳೆಯ ಹೆಸರಿಗೇ ಓಡಿಬಂದೆ.

ಶನಿವಾರ ಸ್ಕೂಲು ಅರ್ಧ ದಿನ. ಪಿಳ್ಳಮ್ಮನ ಜೊತೆ ಬಸ್ಸು ಹತ್ತಿ ಕ್ಯಾಲನೂರಿಗೆ ಹೋಗಿಬಿಡುತ್ತಿದ್ದೆ. ಮನೆ ತುಂಬ ಹಸುಗಳು, ಜಗಲಿಯ ಮೇಲೆ ಅವಳ ಅಜ್ಜಿ. ಅಜ್ಜಿಯ ಹೆಸರೂ ಪಿಳ್ಳಮ್ಮ. ಮೊಮ್ಮಗಳಿಗೆ ಇಟ್ಟದ್ದು ಅದನ್ನೇ. ಆ ಮನೆಗಳಲ್ಲಿ ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹೀಗಾಗಿ ಪಿಳ್ಳಮ್ಮನ ತಾಯಿ ಹೆತ್ತ ಮಗಳನ್ನೇ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಪಾಲೆಟ್ ಸಿಕ್ಕಿದ ಮೇಲೆ ಆಕೆಯ ಗಂಟಲು ಬಿಚ್ಚಿಕೊಂಡಿತು.

"ಹದಿನೈದು ವರ್ಷ 'ಏಯ್, ಇವಳೇ' ಅಂತ ಕರ್ದೂ ಕರ್ದೂ ಸಾಕಾಗೋಗಿತ್ತಮ್ಮ," ಎನ್ನುತ್ತಿದ್ದರು ನನ್ನ ಹತ್ತಿರ.

ಜಗಲಿಯಿಂದ ಅಜ್ಜಿ ಕೇಳುತ್ತಿದ್ದಳು: "ಹಂಗಾರೆ ನನ್ನೆಸ್ರು ಏನಾಯ್ತೇ? ಹಸ ಮೇಯ್ದ್‌ಬಿಡ್ತಾ?"

ಎಲ್ಲರೂ ನಗುತ್ತಿದ್ದೆವು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫಾರಂ ಬಂದಾಗ ಮಾತ್ರ ನಗು ನಿಂತಿತು. ಅದರಲ್ಲಿ ಬರೆದದ್ದೇ ಜನ್ಮಕ್ಕೆಲ್ಲ ಹೆಸರು. ತಾಯಿ, "ಪಾಲೆಟ್ ಅಂತಲೇ ಬರ್ಕೋ," ಎಂದರು. ಅಜ್ಜಿ ಜಗಲಿಯಲ್ಲಿ ನಮ್ಮ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಪಿಳ್ಳಮ್ಮ ಪೆನ್ನು ಹಿಡಿದು ನನ್ನ ಮುಖ ನೋಡಿದಳು.

"ಏನ್ ಬರೀಲೇ, ಅನೆಟ್?"

ಇಂಥ ಪ್ರಶ್ನೆಗಳಿಗೆ ಆಗ ನನ್ನ ಬಳಿ ಉತ್ತರ ರೆಡಿ ಇರುತ್ತಿತ್ತು. "ಪಾಲೆಟ್ ಅಂತ ಬರಿ ಕಣೇ. ಪಿಳ್ಳಮ್ಮ ಅಂದ್ರೆ ಯಾರೋ ಮೊಸರು ಮಾರೋಳು ಬಂದ್ಲು ಅಂದ್ಕೋತಾರೆ."

ಅಜ್ಜಿ ತಲೆಯ ಮೇಲೆ ಗಡಿಗೆ ಹೊತ್ತು ಕೋಲಾರದ ಬೀದಿಗಳಲ್ಲಿ ಮೊಸರು ಮಾರಿಯೇ ಮಕ್ಕಳನ್ನು ಸಾಕಿದವಳು. ನನಗದು ಗೊತ್ತಿತ್ತು. ಅವರೆಕಾಯಿ ಸುಲಿಯುವ ಕೈ ಒಂದು ಗಳಿಗೆ ನಿಂತು, ಮತ್ತೆ ಸುಲಿಯತೊಡಗಿತು. ಪಿಳ್ಳಮ್ಮ ಬಗ್ಗಿ, ದಪ್ಪ ಅಕ್ಷರದಲ್ಲಿ 'ಪಿಳ್ಳಮ್ಮ' ಎಂದು ಬರೆದು, ಶಾಯಿ ಒಣಗಲೆಂದು ಊದಿದಳು. ನಾನು ಮುಂದಿನ ಬಸ್ಸಿಗೇ ಕೋಲಾರಕ್ಕೆ ಬಂದೆ.

ಆಮೇಲೆ ಆ ಮನೆಗೆ ಹೋಗಲಿಲ್ಲ. ನಾಚಿಕೆ. ಅದಕ್ಕೆ ನಾನೂ ಸಿಸ್ಟರ್ ಥರವೇ ಒಂದು ಇಂಗ್ಲಿಷ್ ಹೆಸರಿಟ್ಟೆ: ಬಿಜಿ. ಪರೀಕ್ಷೆ, ಕಾಲೇಜು, ಮದುವೆ, ಮಕ್ಕಳು. ಬಿಜಿಯಾಗಿರುವುದು ಸುಲಭ.

ಮೊಮ್ಮಗಳಿಗೆ ಏನು ಉತ್ತರ ಕೊಟ್ಟೆ ಅನ್ನುತ್ತೀರಾ? "ಎಲ್ಲವೂ ಸ್ವೀಟ್. ಆದರೆ ನಿನ್ನ ಗಂಡನ ಅಜ್ಜಿ ಇನ್ನೂ ಇದ್ದಾರಲ್ಲ, ಅವರ ಹೆಸರೇನು ಅಂತ ಒಮ್ಮೆ ಕೇಳು. ಇಡದಿದ್ದರೂ ಪರವಾಗಿಲ್ಲ, ಕೇಳು," ಎಂದು ಟೈಪ್ ಮಾಡಿದೆ. ಒಂದು ಹೆಬ್ಬೆರಳು ಬಂತು. ಕೇಳುತ್ತಾಳೋ ಇಲ್ಲವೋ.

ಪಿಳ್ಳಮ್ಮ ಮತ್ತೆ ಸಿಕ್ಕಿದ್ದು ಕೆಲವು ವರ್ಷಗಳ ಹಿಂದೆ, ಮುಳಬಾಗಿಲಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ. ನಾನೂ ಕಣ್ಣು ತೋರಿಸಲು ಹೋಗಿದ್ದೆ. ನರ್ಸು 'ಕ್ಯಾಲನೂರು ಪಿಳ್ಳಮ್ಮ' ಎಂದು ಕೂಗಿ, ಅವಳ ಕಣ್ಣಿಗೆ ಔಷಧಿ ಬಿಟ್ಟು, ಮುಚ್ಚಿಕೊಂಡೇ ಇರಬೇಕೆಂದು ಹೇಳಿ ಹೋದಳು. ನಾನು ಎದ್ದು ಹೋಗಿ ಪಕ್ಕದಲ್ಲಿ ಕೂತೆ.

"ಪಿಳ್ಳಮ್ಮಾ," ಎಂದೆ.

"ಲೇ, ನೀನಾ?" ದನಿಯಲ್ಲೇ ಗುರುತು ಹಿಡಿದಳು.

"ಅವತ್ತು ಜಗಲೀಲಿ ನಾನಾಡಿದ ಮಾತು... ಸಾರಿ ಕಣೇ."

"ಅಯ್ಯೋ, ಅದಾ? ಅಜ್ಜಿ ಅವತ್ತು ಸಾಯಂಕಾಲಾನೇ ನಕ್ಬಿಡ್ತು. ಮೊಸರು ಮಾರೋಳ್ನ ಮೊಸರು ಮಾರೋಳು ಅಂದ್ರೆ ತಪ್ಪೇನು ಅಂತ. ಆಮೇಲೆ ನೀನು ಬರ್ಲೇ ಇಲ್ವಲ್ಲ, ಅದನ್ನ ಮಾತ್ರ ಅಜ್ಜಿ ಮರೀಲಿಲ್ಲ ನೋಡು. ಹಸ ಕರು ಹಾಕ್ದಾಗೆಲ್ಲ ಗಿಣ್ಣು ಕಾಯ್ಸಿ ನಿನ್ ಪಾಲು ತೆಗೆದಿಡೋದು. ಶನಿವಾರದ ಬಸ್ಸು ಬಂದು ಹೋದ್ಮೇಲೆ ನಂಗೆ ಕೊಡೋದು."

"ಎಷ್ಟು ದಿನ?"

"ಇದ್ದಷ್ಟು ದಿನ."

ನರ್ಸು ಮತ್ತೆ ಕೂಗಿದಳು. ಪಿಳ್ಳಮ್ಮ ಕಣ್ಣು ಮುಚ್ಚಿಕೊಂಡೇ ಎದ್ದು ಕೈ ಚಾಚಿದಳು. ನಾನು ಹಿಡಿದು ಬಾಗಿಲವರೆಗೂ ಕರೆದುಕೊಂಡು ಹೋದೆ. ಕಾಲಿಗೆ ಹೊಸಿಲು ತಾಕಿದ್ದೇ ನನ್ನ ಕೈ ಬಿಟ್ಟು ಒಳಗೆ ಹೋದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಅವಳು ನನ್ನನ್ನು ನೋಡಲೇ ಇಲ್ಲ.